ನಾವು ಓದದ ಸ್ವಾಮಿ

ಬಿ.ಜಿ.ಎಲ್. ಸ್ವಾಮಿಯವರನ್ನು ಕನ್ನಡಿಗರು ನಗಿಸುತ್ತಲೇ ಕಲಿಸಿದ ಲೇಖಕರೆಂದು ನೆನೆಯುತ್ತಾರೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಹಸುರು ಹೊನ್ನು’ ಇಂದಿಗೂ ಓದುಗರನ್ನು ಕಳೆದುಕೊಂಡಿಲ್ಲ. ಅವರು ಡಿ.ವಿ.ಜಿ.ಯವರ ಮಗ ಎಂಬುದಂತೂ ಎಲ್ಲರಿಗೂ ತಿಳಿದ ಸಂಗತಿ. ಆದರೆ ಹೂಬಿಡುವ ಸಸ್ಯಗಳ ವಂಶಾವಳಿಯನ್ನು ಗುರುತಿಸುವ ಮಹತ್ತರ ಕಾರ್ಯದಲ್ಲಿ ಅವರಿಗಿದ್ದ ಪಾಲನ್ನು ಬಲ್ಲವರು ವಿರಳ. ಅರ್ಥಶಾಸ್ತ್ರ ಓದಿ, ಸರ್ಕಾರಿ ಕಡತಗಳ ನಡುವೆ ವೃತ್ತಿಜೀವನ ಕಳೆದ ನಾನು ಈ ವಿಷಯ ಎತ್ತುವುದು ಅಧಿಕಪ್ರಸಂಗವೆನಿಸಬಹುದು. ಎತ್ತಲು ಕಾರಣವಿದೆ.

ನನ್ನೂರು ಗಂಗೊಳ್ಳಿಯ ಉದಾಹರಣೆಯನ್ನೇ ನೋಡೋಣ. ಪಂಚಗಂಗಾವಳಿಯ ದಡದಲ್ಲಿ ತೆಂಗೂ ಇದೆ, ಉಪ್ಪುನೀರಿನಲ್ಲಿ ಬೇರಿಳಿಸಿ ನಿಂತ ಕಾಂಡ್ಲಾ ಗಿಡವೂ ಇದೆ. ಎರಡರ ಪರಾಗವೂ ಬರಿಗಣ್ಣಿಗೆ ಬರೀ ಧೂಳು. ಸೂಕ್ಷ್ಮದರ್ಶಕದಡಿ ಇಟ್ಟರೆ ತೆಂಗಿನ ಪರಾಗಕ್ಕೆ ಒಂದೇ ಸೀಳು, ಕಾಂಡ್ಲಾದ ಪರಾಗಕ್ಕೆ ಮೂರು. ಈ ವ್ಯತ್ಯಾಸ ಆಕಸ್ಮಿಕವಲ್ಲ. ಹೂಬಿಡುವ ಸಸ್ಯಗಳಲ್ಲಿ ಸುಮಾರು ಮುಕ್ಕಾಲು ಪಾಲು ಮೂರು ಸೀಳಿನ ಪರಾಗದ ಅಥವಾ ಅದರಿಂದ ಬೆಳೆದುಬಂದ ಮಾದರಿಯ ಒಂದೇ ದೊಡ್ಡ ಕುಲಕ್ಕೆ ಸೇರುತ್ತವೆ. ಒಂದೇ ಸೀಳು ಅದಕ್ಕಿಂತ ಹಳೆಯ ಲಕ್ಷಣ. ಪರಾಗದ ಹೊರಕವಚ ಕೆಸರಿನಲ್ಲಿ ಹೂತುಹೋದರೂ ಸುಲಭವಾಗಿ ಕೊಳೆಯದು. ಕಾರವಾರದಾಚೆಯ ಕಡಲ ತಳದಿಂದ ತೆಗೆದ ಕೆಸರಿನ ಪರಾಗವನ್ನು 1990ರ ದಶಕದಲ್ಲಿ ಪರೀಕ್ಷಿಸಿದ ವಿಜ್ಞಾನಿಗಳು, ಸುಮಾರು 3500 ವರ್ಷಗಳ ಹಿಂದೆ ಈ ಕರಾವಳಿಯ ಹವೆ ಒಣಗತೊಡಗಿದ್ದನ್ನು ಅದರಲ್ಲಿ ಓದಿದರು.

ಸ್ವಾಮಿಯವರ ಆರಂಭದ ಅಧ್ಯಯನ ಆರ್ಕಿಡ್‌ಗಳದ್ದು. ಪರಾಗ ಹೇಗೆ ರೂಪುಗೊಳ್ಳುತ್ತದೆ, ಭ್ರೂಣ ಹೇಗೆ ಬೆಳೆಯುತ್ತದೆ ಎಂಬುದನ್ನು ಅವರು ಕೋಶ ಕೋಶವಾಗಿ ಹಿಂಬಾಲಿಸಿದರು. 1940ರ ದಶಕದ ಕೊನೆಯಲ್ಲಿ ಹಾರ್ವರ್ಡ್‌ಗೆ ಹೋಗಿ ಇರ್ವಿಂಗ್ ಬೈಲಿಯವರ ಜೊತೆ ಕೆಲಸಕ್ಕೆ ನಿಂತರು. ಒಂದೇ ಲಕ್ಷಣ ಹಿಡಿದು ಸಸ್ಯದ ಕುಲ ತೀರ್ಮಾನಿಸಲಾಗದೆಂಬುದು ಬೈಲಿಯವರ ಪಂಥ. ಮರದ ಕೊಳವೆ, ಎಲೆಯ ನರ, ಕೇಸರ, ಪರಾಗ, ಅಂಡಾಶಯ ಇವೆಲ್ಲದರ ಸಾಕ್ಷ್ಯವೂ ಒಂದೆಡೆ ಕೂಡಬೇಕು. ಸಾಕ್ಷಿಗಳು ಪರಸ್ಪರ ಒಪ್ಪದಿದ್ದಾಗ ಅವಸರದ ತೀರ್ಪು ಕೂಡದು. ಕಂದಾಯ ವ್ಯಾಜ್ಯಗಳ ವಿಚಾರಣೆ ನಡೆಸಿದವರಿಗೆ ಈ ಶಿಸ್ತಿನ ಬೆಲೆ ಗೊತ್ತು.

1948ರಲ್ಲಿ ಗುರುಶಿಷ್ಯರಿಬ್ಬರೂ ಆಂಬೊರೆಲ್ಲ ಎಂಬ ಗಿಡವನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯ ದ್ವೀಪದಲ್ಲಲ್ಲದೆ ಬೇರೆಲ್ಲೂ ಬೆಳೆಯದ ಗಿಡ ಅದು. ಸಾಮಾನ್ಯ ಮರಗಳಲ್ಲಿ ನೀರೇರುವ ಅಗಲ ಕೊಳವೆಗಳು ಅದರ ಕಾಂಡದಲ್ಲಿಲ್ಲ. ಮರುವರ್ಷ ಆಸ್ಟ್ರೊಬೈಲಿಯದ ಸರದಿ. ಫಿಜಿಯ ಡಿಜೆನೇರಿಯವನ್ನು ಸ್ವಾಮಿಯವರೊಬ್ಬರೇ ಕೈಗೆತ್ತಿಕೊಂಡರು. ಹೆಸರುಗಳು ನಾಲಿಗೆಗೆ ಹೊರಳವು, ಮಾರುಕಟ್ಟೆಯಲ್ಲಿ ಇವಕ್ಕೆ ಕಾಸಿನ ಬೆಲೆಯೂ ಇಲ್ಲ. 1999ರಲ್ಲಿ, ಸ್ವಾಮಿಯವರು ತೀರಿಕೊಂಡು ಹತ್ತೊಂಬತ್ತು ವರ್ಷಗಳ ತರುವಾಯ, ಡಿ.ಎನ್.ಎ. ಹೋಲಿಸಿ ನೋಡಿದ ವಿಜ್ಞಾನಿಗಳು ಹೂಬಿಡುವ ಸಸ್ಯಗಳ ವಂಶವೃಕ್ಷದ ಬುಡದಲ್ಲಿ ಆಂಬೊರೆಲ್ಲವನ್ನು ಇಟ್ಟರು. ಅಲ್ಲಿಂದ ಮೂರನೆಯ ಕವಲಿನಲ್ಲೇ ಆಸ್ಟ್ರೊಬೈಲಿಯ ಬರುತ್ತದೆ.

1948ರಿಂದ 1999, ಅಂದರೆ 51 ವರ್ಷ. ಇಷ್ಟು ಕಾಲ ಪ್ರತಿಫಲಕ್ಕೆ ಕಾಯುವ ಬಂಡವಾಳವನ್ನು ಯಾವ ಅರ್ಥಶಾಸ್ತ್ರದ ಸೂತ್ರ ಸಮರ್ಥಿಸೀತು? ಸಂಶೋಧನೆಯ ಅರ್ಜಿಗಳಲ್ಲಿ ಸಮಾಜಕ್ಕಾಗುವ ಪ್ರಯೋಜನವನ್ನು ಕೇಳುವ ಕಲಂ ಒಂದಿರುತ್ತದೆ. ಆಂಬೊರೆಲ್ಲದ ಮುಂದೆ ಆ ಕಲಮಿನಲ್ಲಿ ಪ್ರಾಮಾಣಿಕನು ಏನು ಬರೆಯಬಹುದಿತ್ತೋ ನನಗೆ ಹೊಳೆಯದು. ಅಂಥ ಕಲಂ ತುಂಬಲಾರದ್ದಕ್ಕೇ ಸಸ್ಯ ಗುರುತಿಸುವ ವಿದ್ಯೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬಡವಾಗುತ್ತಿದೆ.

ಸ್ವದೇಶಕ್ಕೆ ಮರಳಿದ ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು, ಮುಂದೆ ಪ್ರಾಂಶುಪಾಲರೂ ಆದರು. ಆ ಕಾಲೇಜಿನ ಕಥೆಗಳನ್ನು ಅವರ ಪುಸ್ತಕಗಳಲ್ಲೇ ಓದುವುದು ಒಳಿತು. 1953ರಲ್ಲಿ ದಕ್ಷಿಣ ಭಾರತದ ಬೆಟ್ಟಗಳ ಗಿಡವೊಂದನ್ನು ಹೊಸ ಪ್ರಭೇದವೆಂದು ವರ್ಣಿಸಿ, ಅದಕ್ಕೆ ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ ಎಂದು ಗುರುವಿನ ಹೆಸರನ್ನಿಟ್ಟರು. ಅದೇ ವರ್ಷ ಆ ಗಿಡದ ಇಡೀ ಕುಟುಂಬವಾದ ಕ್ಲೊರಾಂತೇಸಿಯ ಸಂಬಂಧಗಳನ್ನು ವಿಮರ್ಶಿಸುವ ದೀರ್ಘ ಪ್ರಬಂಧ ಬಂತು. ಸಾರ್ಕಾಂಡ್ರದಲ್ಲಿ ಕೊಳವೆಗಳೇ ಇಲ್ಲವೆಂದು 1950ರಲ್ಲಿ ಬೈಲಿಯವರೊಡನೆ ಅವರು ಹೇಳಿದ್ದುಂಟು. 1980ರ ದಶಕದಲ್ಲಿ ಇನ್ನೂ ಸೂಕ್ಷ್ಮವಾಗಿ ನೋಡಿದವರಿಗೆ ಅವು ಕಂಡವು. ಆ ಅಂಶವನ್ನು ತಿದ್ದಬೇಕಾಯಿತು. ಆದರೆ ಕುಟುಂಬ ಪುರಾತನವೆಂಬುದಕ್ಕೆ ಬೇರೊಂದು ಸಾಕ್ಷಿ ಬಂಡೆಗಳಿಂದ ಎದ್ದುಬಂತು. ಸುಮಾರು 12 ಕೋಟಿ ವರ್ಷ ಹಳೆಯ ಶಿಲಾಪದರಗಳಲ್ಲಿ ಸಿಗುವ ಒಂದು ಬಗೆಯ ಪರಾಗ, ಇದೇ ಕುಟುಂಬದ ಅಸ್ಕರಿನ ಗಿಡದ ಪರಾಗವನ್ನು ಹೋಲುತ್ತದೆ; ಅದಕ್ಕೂ ಒಂದೇ ಸೀಳು.

ನಿವೃತ್ತಿಯ ಬಳಿಕ ಸ್ವಾಮಿಯವರು ಮೈಸೂರು ಸೇರಿದರು. ಬರೆಯುವುದು ಇನ್ನೂ ಬಹಳವಿತ್ತು. 1980ರ ನವೆಂಬರ್ 2ರಂದು ತೀರಿಕೊಂಡರು. ಅವರ ಕನ್ನಡ ಪುಸ್ತಕಗಳು ಮರುಮುದ್ರಣ ಕಾಣುತ್ತಿವೆ; ಆಂಬೊರೆಲ್ಲದ ಪ್ರಬಂಧವನ್ನು ತಿಳಿಗನ್ನಡದಲ್ಲಿ ವಿವರಿಸುವ ಪುಸ್ತಕವೊಂದು ನನ್ನ ಕೈಗೆ ಇನ್ನೂ ಸಿಕ್ಕಿಲ್ಲ.