ಹೆರಿಗೆಯ ದಿನ ಎಣಿಸಿದ ನೇಗೆಲೆ



ನಮ್ಮ ಪಾಲಕೋಡ್ ಕಡೆ ಹೆಣ್ಣುಮಕ್ಕಳು ಚೊಚ್ಚಲ ಹೆರಿಗೆಗೆ ತವರಿಗೆ ಬರುವುದು ಇಂದಿಗೂ ವಾಡಿಕೆ. ಬೆಂಗಳೂರಿನಿಂದ ಹೊಸೂರು, ರಾಯಕೋಟೆ ದಾಟಿ ರೈಲಿನಲ್ಲಿ ಬಂದಿಳಿಯುವ ಮಗಳ ಚೀಲದಲ್ಲಿ ಕರ್ನಾಟಕದ ತಾಯಿ ಕಾರ್ಡ್ ಇರುತ್ತದೆ. ಇಲ್ಲಿ ತೋರಿಸಿದ ಮೇಲೆ ಇನ್ನೊಂದು ಕಾರ್ಡ್ ಆಗುತ್ತದೆ. ಒಂದರಲ್ಲಿ ಒಂದು ದಿನ, ಇನ್ನೊಂದರಲ್ಲಿ ಹತ್ತು ದಿನ ಆಚೆಯ ದಿನ ಬರೆದಿದ್ದರೆ ಮನೆಯವರಿಗೆಲ್ಲ ಗಾಬರಿ. ಯಾವುದನ್ನು ನಂಬುವುದು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಇನ್ನೂರು ವರ್ಷ ಹಿಂದಿನ ಒಬ್ಬ ಜರ್ಮನ್ ವೈದ್ಯರ ಹೆಸರು ಸಿಗುತ್ತದೆ. ಈ ಸಲ ಅವರ ಬದುಕನ್ನೇ ಪರಿಚಯಿಸುತ್ತಿದ್ದೇವೆ.

ಫ್ರಾನ್ಸ್ ಕಾರ್ಲ್ ನೇಗೆಲೆ ಹುಟ್ಟಿದ್ದು 1778ರ ಜುಲೈ 12ರಂದು, ಡ್ಯುಸೆಲ್‌ಡಾರ್ಫ್ ಪಟ್ಟಣದಲ್ಲಿ. ತಂದೆಯೂ ವೈದ್ಯವೃತ್ತಿಯವರೇ. ನೇಗೆಲೆ 1800ರಲ್ಲಿ ವೈದ್ಯ ಪದವಿ ಪಡೆದು ಕೆಲವು ವರ್ಷ ಬಾರ್ಮೆನ್ ಎಂಬ ಊರಿನಲ್ಲಿ ವೃತ್ತಿ ನಡೆಸಿದರು. 1807ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ ಪ್ರಾಧ್ಯಾಪಕರಾಗಿ, ಹೆರಿಗೆ ಆಸ್ಪತ್ರೆಯ ಮುಖ್ಯಸ್ಥರಾಗಿ ಉಳಿದ ಬದುಕನ್ನೆಲ್ಲ ಕಳೆದರು. ಮಗ ಹೆರ್ಮನ್ ಕೂಡ ಅದೇ ಹಾದಿ ಹಿಡಿದು ಪ್ರಸೂತಿ ವೈದ್ಯರಾದರು.

ಆ ಕಾಲದಲ್ಲಿ ಹೆರಿಗೆ ಕಷ್ಟವಾದರೆ ತಾಯಿ, ಮಗು ಇಬ್ಬರೂ ಉಳಿಯುವ ಭರವಸೆ ಇರಲಿಲ್ಲ. ಮಗು ಹೊರಬರುವ ದಾರಿಯನ್ನು ಅರಿಯದೆ ಆತುರಪಟ್ಟರೆ ಅಪಾಯ ಎಂದು ನೇಗೆಲೆ ಕಂಡುಕೊಂಡರು. ಒಂದು ಕಡೆ ವಾಲಿ ಕಿರಿದಾದ ಸೊಂಟದ ಮೂಳೆಯ ಬಗ್ಗೆ 1839ರಲ್ಲಿ ಅವರು ಪ್ರಕಟಿಸಿದ ಗ್ರಂಥದಿಂದ ಆ ದೋಷಕ್ಕೆ ಇಂದಿಗೂ ಅವರದೇ ಹೆಸರಿದೆ. ಆದರೆ ನಮಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಕೆಲಸ. ವೈದ್ಯರಿಗಾಗಿ ಬರೆದು ಸುಮ್ಮನಾಗದೆ, ಸೂಲಗಿತ್ತಿಯರಿಗಾಗಿಯೇ 1830ರಲ್ಲಿ ಪಠ್ಯಪುಸ್ತಕ ಬರೆದರು. ಅದು ಹಲವು ಬಾರಿ ಮುದ್ರಣ ಕಂಡಿತು.

ಹೆರಿಗೆಯ ದಿನದ ಲೆಕ್ಕ ಅವರ ಹೆಸರಿನಲ್ಲಿ ಉಳಿದಿದ್ದರೂ ಅದನ್ನು ಮೊದಲು ಹೇಳಿದವರು ಅವರಲ್ಲ. ಹಾಲೆಂಡಿನ ಹೆರ್ಮಾನ್ ಬೂರ್ಹಾವೆ ಎಂಬ ವೈದ್ಯರು ಹದಿನೆಂಟನೆಯ ಶತಮಾನದಲ್ಲೇ ಅಂಥದೊಂದು ಲೆಕ್ಕ ಹೇಳಿದ್ದರು. ಅದನ್ನು ಬಳಕೆಗೆ ತಂದ ಹೆಸರು ನೇಗೆಲೆಯವರಿಗೆ ಸಂದಿತು. ಕೊನೆಯ ಮುಟ್ಟಿನ ಮೊದಲ ದಿನದಿಂದ ಮೂರು ತಿಂಗಳು ಹಿಂದೆ ಹೋಗಿ ಏಳು ದಿನ ಕೂಡಿಸಬೇಕು. ಸೆಪ್ಟೆಂಬರ್ 10 ಆದರೆ ಮುಂದಿನ ವರ್ಷದ ಜೂನ್ 17. ಒಟ್ಟು 280 ದಿನ, ಅಂದರೆ 40 ವಾರ. ಕಾಗದ, ಪೆನ್ನು ಇಲ್ಲದವರೂ ಬೆರಳ ಮೇಲೆ ಎಣಿಸಬಹುದು. ನಮ್ಮ ಆಸ್ಪತ್ರೆಗಳಲ್ಲಿ ನರ್ಸಮ್ಮನವರು ಮೊದಲ ದಿನ ಕೇಳಿ ಬರೆದುಕೊಳ್ಳುವುದು ಇದೇ ಲೆಕ್ಕಕ್ಕಾಗಿ.

ಈ ಲೆಕ್ಕದಲ್ಲೊಂದು ಕೊರತೆ ಇದೆ. ಮುಟ್ಟು ಸರಿಯಾಗಿ 28 ದಿನಕ್ಕೊಮ್ಮೆ ಆಗುತ್ತದೆ, ಹದಿನಾಲ್ಕನೆಯ ದಿನದ ಸುಮಾರಿಗೆ ಗರ್ಭ ನಿಲ್ಲುತ್ತದೆ ಎಂದು ಹಿಡಿದರೆ ಮಾತ್ರ ಇದು ಕೂಡಿಬರುತ್ತದೆ. ಅಂಡ ಯಾವ ದಿನ ಬಿಡುಗಡೆಯಾಗುತ್ತದೆ ಎಂಬುದನ್ನು ಜಪಾನಿನ ಒಗಿನೊ, ಆಸ್ಟ್ರಿಯದ ಕ್ನೌಸ್ ತೋರಿಸಿದ್ದು 1920ರ ದಶಕದಲ್ಲಿ. ನೇಗೆಲೆಯವರ ಕಾಲಕ್ಕೆ ಅದು ಗೊತ್ತಿರಲಿಲ್ಲ. 35 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಅದೇ ಜೂನ್ 17 ಸುಮಾರು ಜೂನ್ 24 ಆಗುತ್ತದೆ. ಮುಟ್ಟಿನ ದಿನವೇ ನೆನಪಿಲ್ಲದಿದ್ದರೆ ಲೆಕ್ಕವೇ ತಪ್ಪಿತು.

ನಮ್ಮ ಗಡಿಯೂರುಗಳಲ್ಲಿ ಇನ್ನೊಂದು ತೊಡಕಿದೆ. ಕನ್ನಡ ಮನೆಯ ಅಜ್ಜಿ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ತಿಂಗಳು ಎಣಿಸಿದರೆ ಅದು ಇಪ್ಪತ್ತೊಂಬತ್ತೂವರೆ ದಿನ. ಪಕ್ಕದ ತಮಿಳು ಮನೆಯ ಪಾಟಿ ಎಣಿಸುವ ಸೌರ ತಿಂಗಳು ಸರಾಸರಿ ಮೂವತ್ತೂವರೆ ದಿನದ ಹತ್ತಿರ. ಇಬ್ಬರೂ ಒಂಬತ್ತು ತಿಂಗಳು ಒಂಬತ್ತು ದಿನ ಎಂದೇ ಹೇಳುತ್ತಾರೆ. ಒಂದು ಲೆಕ್ಕ ಸುಮಾರು 275 ದಿನಕ್ಕೆ, ಇನ್ನೊಂದು ಸುಮಾರು 283 ದಿನಕ್ಕೆ ನಿಲ್ಲುತ್ತದೆ. ಇಬ್ಬರದೂ ತಪ್ಪಲ್ಲ, ಅಳತೆಗೋಲು ಬೇರೆ.

ನೇಗೆಲೆ 1851ರ ಜನವರಿ 21ರಂದು ಹೈಡೆಲ್‌ಬರ್ಗ್‌ನಲ್ಲಿ ತೀರಿಕೊಂಡರು. ಅವರ ಕೊರತೆಯನ್ನು ತುಂಬಿದ್ದು ನೂರು ವರ್ಷ ಕಳೆದ ಮೇಲೆ ಬಂದ ಸ್ಕ್ಯಾನ್. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಜೊತೆಗಾರರು 1958ರಲ್ಲಿ ಅದನ್ನು ಲೋಕಕ್ಕೆ ತೋರಿಸಿದರು. ಮೊದಲ ಮೂರು ತಿಂಗಳಲ್ಲಿ ಎಲ್ಲ ಶಿಶುಗಳೂ ಹೆಚ್ಚುಕಡಿಮೆ ಒಂದೇ ಸಮ ಬೆಳೆಯುತ್ತವೆ. ಆಗ ತಲೆಯಿಂದ ಕುಂಡೆಯವರೆಗೆ ಅಳೆದು ಹೇಳುವ ದಿನ ಐದರಿಂದ ಏಳು ದಿನದೊಳಗೆ ಸರಿಯಾಗಿರುತ್ತದೆ. ತಿಂಗಳು ತುಂಬುತ್ತಾ ಬಂದಂತೆ ಒಂದು ಮಗು ದಪ್ಪ, ಒಂದು ಮಗು ಸಣ್ಣ. ಎಂಟು, ಒಂಬತ್ತನೆಯ ತಿಂಗಳಿನ ಸ್ಕ್ಯಾನ್ ಹೇಳುವ ದಿನ ಎರಡು ಮೂರು ವಾರ ಆಚೀಚೆ ಆಗಬಹುದು.

ಅಪಾಯ ಇರುವುದು ಇಲ್ಲೇ. ಮಗು ಬೆಳವಣಿಗೆ ಕುಂಠಿತವಾಗಿ ಸಣ್ಣದಾಗಿದ್ದರೆ ಕೊನೆಯ ಸ್ಕ್ಯಾನ್ ದಿನವನ್ನು ಮುಂದಕ್ಕೆ ತೋರಿಸುತ್ತದೆ. ಇನ್ನೂ ದಿನ ಇದೆಯಲ್ಲ ಎಂದು ಮನೆಯವರು ನೆಮ್ಮದಿಯಾಗಿ ಕೂತರೆ ಮಗುವಿಗೆ ಕಷ್ಟ. ಮಗು ದಪ್ಪವಿದ್ದರೆ ದಿನ ಹಿಂದಕ್ಕೆ ಬಂದು, ಇನ್ನೂ ಬಲಿಯದ ಮಗುವನ್ನು ಆತುರದಿಂದ ಹೊರತೆಗೆಸುವ ಮಾತು ಬರಬಹುದು.

ಆದ್ದರಿಂದ ನಮ್ಮ ಹೆಣ್ಣುಮಕ್ಕಳಲ್ಲಿ, ಅವರ ಅತ್ತೆ-ತಾಯಂದಿರಲ್ಲಿ ಒಂದೇ ಮನವಿ. ಮೊದಲ ಮೂರು ತಿಂಗಳಿನ ಸ್ಕ್ಯಾನ್ ಕಾಗದವನ್ನು, ಮುಟ್ಟಿನ ದಿನ ಬರೆದ ಮೊದಲ ಕಾರ್ಡನ್ನು ಜೋಪಾನ ಮಾಡಿ. ತವರಿಗೆ ಹೊರಡುವಾಗ ಸೀಮಂತದ ಸೀರೆಗಿಂತ ಮೊದಲು ಅದನ್ನು ಚೀಲಕ್ಕೆ ಹಾಕಿ. ಎರಡು ದಿನಾಂಕ ಕಂಡರೆ ಎರಡೂ ಕಾಗದ ವೈದ್ಯರ ಮುಂದಿಟ್ಟು ಕೇಳಿ. ಬರೆದ ದಿನದಂದೇ ಹೆರಿಗೆಯಾಗುವುದು ನೂರರಲ್ಲಿ ನಾಲ್ಕೈದು ಮಂದಿಗೆ ಮಾತ್ರ. ಆ ದಿನ ದಾಟಿತೆಂದು ಹೆದರಬೇಡಿ, ಆದರೆ ವೈದ್ಯರಿಗೆ ತೋರಿಸದೆ ಮನೆಯಲ್ಲೇ ಕಾಯಲೂ ಬೇಡಿ. ನೋವು, ನೀರು ಹೋಗುವುದು, ರಕ್ತ ಕಾಣುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು ಕಂಡರೆ ದಿನ ನೋಡದೆ ಆಸ್ಪತ್ರೆಗೆ ಹೊರಡಿ.

ನಿಮ್ಮ ಮನೆಯ ಹಿರಿಯರು ಬಸಿರಿನ ದಿನ ಎಣಿಸುತ್ತಿದ್ದ ರೀತಿ ಗೊತ್ತಿದ್ದರೆ ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಸೇರಿಸಿಕೊಳ್ಳುತ್ತೇವೆ.