ಹಕ್ಕಿಗಳ ಲೆಕ್ಕ ಬರೆದಿಟ್ಟವರು

ಸಿದ್ಧಕಟ್ಟೆಯ ನಮ್ಮ ಅಡಿಕೆ ತೋಟಕ್ಕೆ ನವರಂಗ ಹಕ್ಕಿ ಈಚೆಗೆ ತಡವಾಗಿ ಬರುತ್ತಿದೆಯೆಂದು ನೆರೆಯವರು ಹೇಳುತ್ತಾರೆ. ಇರಬಹುದು. ಆದರೆ ಸರಕಾರಿ ಸೇವೆಯುದ್ದಕ್ಕೂ ಅಂಕಿಅಂಶ ನೋಡಿಯೇ ಕಡತಕ್ಕೆ ಸಹಿ ಹಾಕಿದ ನನಗೆ ಆಧಾರ ಬೇಕು. ತಂದೆಯವರು ಪಂಚಾಂಗದ ಅಂಚಿನಲ್ಲಿ ಮಳೆ ಬಿದ್ದ ದಿನವನ್ನು ಗುರುತಿಸುತ್ತಿದ್ದರು. ಹಕ್ಕಿ ಬಂದ ದಿನವನ್ನು ನಮ್ಮ ಮನೆಯಲ್ಲಿ ಯಾರೂ ಬರೆದಿಡಲಿಲ್ಲ. ಈ ಕೊರತೆ ಕಾಡಿದಾಗಲೆಲ್ಲ ಸಲೀಂ ಅಲಿ ನೆನಪಾಗುತ್ತಾರೆ.

1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದ ಅವರು ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದರು. ತಾನು ಹೊಡೆದುರುಳಿಸಿದ ಗುಬ್ಬಿಯ ಕೊರಳಲ್ಲಿ ಹಳದಿ ಮಚ್ಚೆ ಕಂಡು, ಅದಾವುದೆಂದು ತಿಳಿಯಲು ಬಾಲಕ ಸಲೀಂ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ಹೋದ. ಆ ಕುತೂಹಲವೇ ಬದುಕಾಯಿತು. ಆದರೆ ವಿಶ್ವವಿದ್ಯಾಲಯದ ಪದವಿ ಇಲ್ಲದ್ದರಿಂದ ಸರಕಾರಿ ಹುದ್ದೆ ದಕ್ಕಲಿಲ್ಲ. ಬರ್ಲಿನ್ನಿನಲ್ಲಿ ಸ್ಟ್ರೆಸೆಮಾನ್ ಅವರ ಬಳಿ ಕಲಿತು ಬಂದ ಬಳಿಕ, ಶಿಬಿರದ ಖರ್ಚು ಕೊಟ್ಟರೆ ಸಾಕು, ಸಂಬಳ ಬೇಡವೆಂದು ದೇಶೀ ಸಂಸ್ಥಾನಗಳ ಪಕ್ಷಿ ಸಮೀಕ್ಷೆಗೆ ಹೊರಟರು.

1939ರಲ್ಲಿ ಪತ್ನಿ ತೆಹ್ಮಿನಾ ತೀರಿಕೊಂಡರು. ಆ ದುಃಖವನ್ನು ಹೊತ್ತೇ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದದ್ದು ಅವರ ಒತ್ತಾಸೆಯಿಂದ. 1941ರಲ್ಲಿ ಪ್ರಕಟವಾದ ಅವರ ಪುಸ್ತಕವು ಭಾರತದ ಹಕ್ಕಿಗಳನ್ನು ಸಾಮಾನ್ಯ ಓದುಗನಿಗೂ ಪರಿಚಯಿಸಿತು. 1987ರಲ್ಲಿ ಅವರು ನಿಧನರಾದರು.

ಅವರು ಬಿಟ್ಟುಹೋದ ಆಸ್ತಿಯೆಂದರೆ ಸ್ಥಳ, ದಿನಾಂಕ ಸಹಿತವಾದ ಟಿಪ್ಪಣಿಗಳು. 1933ರಲ್ಲಿ ತಿರುವಾಂಕೂರು-ಕೊಚ್ಚಿಯಲ್ಲಿ ಅವರು ಸಮೀಕ್ಷಿಸಿದ ತಾಣಗಳಿಗೆ 2009ರಲ್ಲಿ ಪಕ್ಷಿತಜ್ಞರು ಮತ್ತೆ ಹೋದರು. ಹಳೆಯ ಲೆಕ್ಕ ಇದ್ದುದರಿಂದಲೇ ಹೋಲಿಕೆ ಸಾಧ್ಯವಾಯಿತು. ಮಾದರಿಗಾಗಿ ಹಕ್ಕಿಗಳನ್ನು ಕೊಲ್ಲುವುದು ಅವರ ಕಾಲದ ಪದ್ಧತಿಯಾಗಿತ್ತು. ಇಂದು ದುರ್ಬೀನು, ಮೊಬೈಲು ಸಾಕು.

ವಲಸೆ ಹಕ್ಕಿಗಳ ಆಗಮನ ದಾಖಲಿಸುವ ಮೈಗ್ರಂಟ್‌ವಾಚ್ 2007ರಲ್ಲಿ, ಮರಗಳ ಹೂ-ಕಾಯಿ ಗಮನಿಸುವ ಸೀಸನ್‌ವಾಚ್ 2010ರಲ್ಲಿ ಆರಂಭವಾದವು. ಕೇರಳದ ಸ್ವಯಂಸೇವಕರು 2015ರಿಂದ 2020ರವರೆಗೆ ದುಡಿದು ಇಡೀ ರಾಜ್ಯದ ಪಕ್ಷಿ ಭೂಪಟ ಸಿದ್ಧಪಡಿಸಿದರು. ಹವಾಮಾನ ಬದಲಾವಣೆಯ ಹೆಜ್ಜೆ ಪತ್ತೆಹಚ್ಚಲು ದಶಕಗಳ ಇಂಥ ದಾಖಲೆ ಬೇಕು. ಅದಕ್ಕೆ ಸಾಲುವಷ್ಟು ನೌಕರರನ್ನು ಯಾವ ಸರಕಾರವೂ ನೇಮಿಸಲಾರದು. ಊರಿನವರೇ ಕೈಹಾಕಬೇಕು.

ಈ ಸಲ ನವರಂಗದ ಮೊದಲ ಕೂಗು ಕೇಳಿದ ದಿನವನ್ನು ನಾನೂ ಪಂಚಾಂಗದ ಅಂಚಿನಲ್ಲಿ ಬರೆದಿದ್ದೇನೆ. ಒಂದು ವರ್ಷದ ಅಂಕಿಯಿಂದ ಏನೂ ಸಿದ್ಧವಾಗದು. ಮುಂದಿನ ವರ್ಷಗಳದ್ದನ್ನು ಬರೆಯಲು ಮೊಮ್ಮಗಳಿಗೆ ಹೇಳಿದ್ದೇನೆ.