ವಚನಪಿತಾಮಹರ ಬಾಲ್ಯವೂ ಬಾಳೂ

ನಮ್ಮ ಮಠದ ಪಾಠಶಾಲೆಯಲ್ಲಿ ಹತ್ತು ವರ್ಷದ ಬಾಲಕನೂ ಇಂದು ಅಣ್ಣನವರ ವಚನವನ್ನು ಅಚ್ಚಾದ ಪುಸ್ತಕದಲ್ಲಿ ಬೆರಳಿಟ್ಟು ಓದುತ್ತಾನೆ. ಆ ಪುಸ್ತಕವು ತನ್ನ ಕೈಸೇರುವ ಮುನ್ನ ಯಾರ ಯಾರ ಕೈಗಳನ್ನು ದಾಟಿ ಬಂದಿತೆಂಬುದನ್ನು ಅವನು ಅರಿಯನು. ಅದನ್ನು ಅರುಹುವ ಹೊಣೆ ನಮ್ಮಂತಹ ಉಪಾಧ್ಯಾಯರದು. ವಚನಪಿತಾಮಹರೆಂದು ನಾಡು ಗೌರವಿಸಿದ ಪೂಜ್ಯ ಫ.ಗು. ಹಳಕಟ್ಟಿಯವರ ಕಾರ್ಯವು ವಾಚಕರಿಗೆ ತಕ್ಕಮಟ್ಟಿಗೆ ತಿಳಿದಿದೆ. ಆ ಕಾರ್ಯದ ಬೇರು ಎಲ್ಲಿತ್ತೆಂಬುದನ್ನು ನೋಡಬೇಕಾದರೆ ಅವರು ಹುಟ್ಟಿ ಬೆಳೆದ ಮನೆಯೊಳಕ್ಕೆ ಹೋಗಬೇಕಾಗುತ್ತದೆ.

ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು, ತಾಯಿ ದಾನಮ್ಮನವರು. ಮಗುವಿಗೆ ಇಟ್ಟ ಹೆಸರು ಫಕೀರಪ್ಪ. ಶಿರಹಟ್ಟಿಯ ಫಕೀರೇಶ್ವರರ ಕೀರ್ತಿ ಹಬ್ಬಿದ ಆ ಪ್ರಾಂತದಲ್ಲಿ ಈ ನಾಮಧೇಯವು ಅಪರೂಪದ್ದೇನೂ ಅಲ್ಲ. ಮಗುವಿಗೆ ಮೂರು ವರ್ಷ ತುಂಬುವಷ್ಟರಲ್ಲಿ ತಾಯಿಯವರು ತೀರಿಕೊಂಡರು. ಮೂರು ವರ್ಷದ ಶಿಶುವಿಗೆ ತಾಯಿಯ ಮುಖವು ನೆನಪಿನಲ್ಲಿ ನಿಲ್ಲುವುದೆಂದು ಹೇಳಲಾಗದು. ತಾಯಿಯಿಲ್ಲವೆಂಬುದು ಮಾತ್ರ ನಿಲ್ಲುತ್ತದೆ. ಆ ಕೂಸನ್ನು ಎತ್ತಿ ಆಡಿಸಿ ದೊಡ್ಡದು ಮಾಡಿದವರು ಅಜ್ಜಿ. ಅಜ್ಜಿಯರ ಆರೈಕೆಯಲ್ಲಿ ಬೆಳೆದ ಮಕ್ಕಳನ್ನು ನಾನು ಪಾಠಶಾಲೆಯಲ್ಲಿ ಬಹಳ ಕಂಡಿದ್ದೇನೆ. ಅವರಲ್ಲಿ ಹಳೆಯ ಮಾತಿನ ಬಗೆಗೆ ಒಂದು ಬಗೆಯ ನಂಟು ಇರುತ್ತದೆ; ವಯಸ್ಸಾದವರ ಬಳಿ ಕುಳಿತು ಕೇಳುವ ತಾಳ್ಮೆಯೂ ಇರುತ್ತದೆ. ಮುಂದೆ ಹಳ್ಳಿಹಳ್ಳಿಯ ಮುದುಕರ ಪಕ್ಕದಲ್ಲಿ ಕುಳಿತು ಓಲೆಯ ಕಟ್ಟಿಗಾಗಿ ವಿನಯದಿಂದ ಬೇಡಿದ ಹಳಕಟ್ಟಿಯವರಿಗೆ ಆ ತಾಳ್ಮೆ ಎಲ್ಲಿಂದ ಬಂದಿತೆಂದು ಯೋಚಿಸುವಾಗ ನನ್ನ ಮನಸ್ಸು ಆ ಅಜ್ಜಿಯ ಕಡೆಗೇ ಹೋಗುತ್ತದೆ.

ತಂದೆ ಗುರುಬಸಪ್ಪನವರು ವೃತ್ತಿಯಿಂದ ಶಿಕ್ಷಕರು, ಪ್ರವೃತ್ತಿಯಿಂದ ಲೇಖಕರು. ಅವರ ಕಾಲದ ಧಾರವಾಡವನ್ನು ನೆನೆದರೆ ಅವರ ಬರವಣಿಗೆಯ ಬೆಲೆ ಗೊತ್ತಾಗುವುದು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಆ ಸೀಮೆಯಲ್ಲಿ ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಮರಾಠಿಯದೇ ಮೇಲುಗೈಯಾಗಿ, ಡೆಪ್ಯುಟಿ ಚನ್ನಬಸಪ್ಪನವರಂತಹ ಕೆಲವರ ಪ್ರಯಾಸದಿಂದ ಕನ್ನಡ ಶಾಲೆಗಳು ತಲೆಯೆತ್ತುತ್ತಿದ್ದವು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ಆಗ ಬಾಲಕ ಫಕೀರಪ್ಪನಿಗೆ ಹತ್ತು ವರ್ಷ. ಕೆಲವು ವರ್ಷಗಳ ತರುವಾಯ ಆ ಸಂಘದಿಂದ ಹೊರಟ ವಾಗ್ಭೂಷಣ ಪತ್ರಿಕೆಯಲ್ಲಿ ಗುರುಬಸಪ್ಪನವರು ಬರೆಯುತ್ತಿದ್ದರು. ಫ್ರಾನ್ಸ್ ದೇಶದ ರಾಜ್ಯಕ್ರಾಂತಿ, ಸಿಖ್ಖರ ಇತಿಹಾಸ, ಏಕನಾಥ ಸಾಧುಗಳ ಚರಿತ್ರೆ ಇವು ಅವರು ಎತ್ತಿಕೊಂಡ ವಿಷಯಗಳು. ಒಬ್ಬ ಶಾಲಾಮಾಸ್ತರರು ಪರದೇಶದ ಕ್ರಾಂತಿಯನ್ನೂ ಪಂಜಾಬದ ಗುರುಗಳ ಪಂಥವನ್ನೂ ತನ್ನ ತಾಯಿನುಡಿಯಲ್ಲಿ ಬರೆಯಲು ಕುಳಿತುದನ್ನು ಆ ಮನೆಯ ಮಗನು ಕಂಡನು. ಕನ್ನಡವು ಬರಿಯ ಅಡಿಗೆಮನೆಯ ಭಾಷೆಯೆಂದು ಆ ಮಗನಿಗೆ ಯಾರೂ ನಂಬಿಸಲಾಗುವಂತಿರಲಿಲ್ಲ. ತಂದೆಯ ಹೆಸರಿನ ಒಂದಕ್ಷರವನ್ನು ಅವರು ಕೊನೆಯವರೆಗೂ ತಮ್ಮ ಹೆಸರಿನ ನಡುವೆ ಹೊತ್ತರು.

ಮೆಟ್ರಿಕ್ ಪರೀಕ್ಷೆಯನ್ನು ಮುಗಿಸಿ ಅವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ಅಲ್ಲಿ ಗುಜರಾತಿಗಳೂ ಮರಾಠಿಗರೂ ತಮ್ಮ ತಮ್ಮ ನುಡಿಯ ಬಗೆಗೆ ತಳೆದಿದ್ದ ಅಭಿಮಾನವನ್ನು ಕಂಡು, ತಮ್ಮ ನಾಡಿನ ಸ್ಥಿತಿಯನ್ನು ನೆನೆದು ನೊಂದರು. ವಿಜ್ಞಾನದಲ್ಲಿ ಪದವಿಯನ್ನು ಪಡೆದು, 1904ರಲ್ಲಿ ಕಾಯಿದೆಯ ಪರೀಕ್ಷೆಯನ್ನು ಮುಗಿಸಿ, ಬೆಳಗಾವಿಯಲ್ಲಿ ಕೆಲಕಾಲವಿದ್ದು, ಬಳಿಕ ವಿಜಾಪುರದಲ್ಲಿ ವಕೀಲಿಯನ್ನು ಕೈಕೊಂಡರು. ಅಲ್ಲಿ ಅವರು ಕಟ್ಟಿದ ಸಂಸ್ಥೆಗಳ ವಿಷಯವನ್ನು ವಿಸ್ತರಿಸಲು ಇಲ್ಲಿ ಎಡೆಯಿಲ್ಲ. 1910ರ ವಿದ್ಯಾಸಂಸ್ಥೆಯೂ 1912ರ ಸಿದ್ಧೇಶ್ವರ ಸಹಕಾರಿ ಬ್ಯಾಂಕೂ ಇಂದಿಗೂ ಇವೆ.

ಅಷ್ಟರಲ್ಲಿಯೇ ಅವರ ಬಾಳು ಬೇರೊಂದು ದಿಕ್ಕಿಗೆ ತಿರುಗಿತ್ತು. ರಬಕವಿ ಬನಹಟ್ಟಿಯ ಒಂದು ಮನೆತನದಲ್ಲಿದ್ದ ತಾಡವೋಲೆಯ ಕಟ್ಟುಗಳು ಅವರ ಕಣ್ಣಿಗೆ ಬಿದ್ದವು. ಅವುಗಳಲ್ಲಿ ಪ್ರಭುದೇವರ ವಚನಗಳಿದ್ದವು. ಓಲೆಯ ಕಟ್ಟೆಂದರೆ ಏನೆಂಬುದನ್ನು ಎಳೆಯ ವಾಚಕರಿಗಾಗಿ ಹೇಳುತ್ತೇನೆ. ಹದಮಾಡಿದ ತಾಳೆಯ ಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆದು, ಕೊರೆದ ಗೆರೆಗೆ ಮಸಿಯನ್ನು ಸವರಿ, ಗರಿಗಳಿಗೆ ರಂಧ್ರವಿಟ್ಟು ದಾರ ಪೋಣಿಸಿ, ಮೇಲೂ ಕೆಳಗೂ ಮರದ ಹಲಗೆಯನ್ನಿಟ್ಟು ಕಟ್ಟುತ್ತಿದ್ದರು. ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲ. ಎಷ್ಟೋ ಕಡೆ ಹ್ರಸ್ವದೀರ್ಘಗಳ ಭೇದವಿಲ್ಲ. ಒಂದು ಕಟ್ಟನ್ನು ಓದಿ ಬಿಡಿಸಲು ಕಣ್ಣು ಕರಗಬೇಕು.

ಇಂತಹ ಕಟ್ಟುಗಳು ಮನೆಮನೆಗಳಲ್ಲಿ ವಸ್ತ್ರದಲ್ಲಿ ಸುತ್ತಿ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು. ವಿಭೂತಿಯನ್ನು ಹಚ್ಚುವರು, ಪತ್ರಿಯನ್ನು ಏರಿಸುವರು, ಬಿಚ್ಚಿ ಓದುವವರು ಮಾತ್ರ ಇಲ್ಲ. ನಮ್ಮ ಮನೆಯಲ್ಲಿಯೂ ಅಂತಹ ಎರಡು ಕಟ್ಟುಗಳಿದ್ದವು. ಹುಳು ಬಿದ್ದಿತೆಂದು ಹಿರಿಯರೊಬ್ಬರು ಭಕ್ತಿಯಿಂದಲೇ ಅವನ್ನು ಮಲಪ್ರಭೆಯಲ್ಲಿ ಬಿಟ್ಟರೆಂದು ನನ್ನ ಅಜ್ಜಿ ಹೇಳುತ್ತಿದ್ದರು. ಏನು ಬರೆದಿತ್ತೆಂದು ನಾನು ಕೇಳಿದಾಗ, ದೇವರು ಬರೆದುದನ್ನು ನಾವು ಓದಲಾದೀತೇ ಎಂದು ಆಕೆ ನನ್ನನ್ನೇ ಗದರಿಸಿದ್ದರು. ಆ ಎರಡು ಕಟ್ಟುಗಳ ನೆನಪು ಬಂದಾಗಲೆಲ್ಲ ನನಗೆ ಹಳಕಟ್ಟಿಯವರು ತಮ್ಮ ಊರಿನಿಂದ ನಮ್ಮೂರಿಗೂ ಒಮ್ಮೆ ಬರಬಾರದಿತ್ತೇ ಎನ್ನಿಸುತ್ತದೆ.

ಅವರು ಹೋದ ಊರುಗಳಾದರೂ ಕಡಿಮೆಯಲ್ಲ. ಮಠಗಳಲ್ಲಿ, ಒಕ್ಕಲಿಗರ ಮನೆಗಳಲ್ಲಿ ಹುಡುಕಿ ಸುಮಾರು ಒಂದು ಸಾವಿರ ಕಟ್ಟುಗಳನ್ನು ಕೂಡಿಹಾಕಿದರು. ವಿಜ್ಞಾನದ ವಿದ್ಯಾರ್ಥಿಯ ಶಿಸ್ತೂ ವಕೀಲರ ಸಾಕ್ಷಿಪರೀಕ್ಷೆಯೂ ಇಲ್ಲಿ ಒದಗಿಬಂದವು. ಒಂದು ಪ್ರತಿಯನ್ನು ಇನ್ನೊಂದರೊಡನೆ ಹೋಲಿಸುವುದು, ವಚನದ ಕೊನೆಯ ಅಂಕಿತವನ್ನು ಹಿಡಿದು ಅದು ಯಾವ ಶರಣರದೆಂದು ನಿರ್ಣಯಿಸುವುದು, ಸ್ಥಲಕ್ಕೆ ಅನುಗುಣವಾಗಿ ವಿಂಗಡಿಸುವುದು ಇವೆಲ್ಲವೂ ರಾತ್ರಿಯ ಕೆಲಸ, ಹಗಲು ಕೋರ್ಟು. ಅವರಿಗೆ ಮುಂಚೆ ಹೆಸರು ತಿಳಿದಿದ್ದ ವಚನಕಾರರು ಸುಮಾರು ಐವತ್ತು ಮಂದಿ. ಅವರ ಶೋಧದಿಂದ ಆ ಸಂಖ್ಯೆ ಇನ್ನೂರನ್ನು ಮೀರಿತು. ತಾಯಿತಂದೆಗಳನ್ನರಿಯದ ಮಕ್ಕಳಂತಿದ್ದ ಎಷ್ಟೋ ವಚನಗಳು ಹೀಗೆ ತಮ್ಮ ತಮ್ಮ ಮನೆಯನ್ನು ಸೇರಿದವು.

1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವು ಬೆಳಗಾವಿಯಲ್ಲಿ ಅಚ್ಚಾಗಿ ಹೊರಬಂದಿತು. ಪರರ ಮುದ್ರಣಾಲಯವನ್ನು ನಂಬಿ ಇಷ್ಟು ದೊಡ್ಡ ಕಾರ್ಯವು ಸಾಗದೆಂದು ಕಂಡು 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಅದಕ್ಕಾಗಿ ಇದ್ದ ಸ್ವಂತ ಮನೆಯನ್ನು ಮಾರಿದರು. ಮರುವರ್ಷ ಶಿವಾನುಭವ ಪತ್ರಿಕೆ, ಅದರ ಮರುವರ್ಷ ನವಕರ್ನಾಟಕ, 1930ರಲ್ಲಿ ಶೂನ್ಯಸಂಪಾದನೆ. ಹರಿಹರನ ರಗಳೆಗಳೂ ಅಲ್ಲಿಂದಲೇ ಬೆಳಕಿಗೆ ಬಂದವು.

ಮನೆ ಮಾರಿದ ಸಂಗತಿಯನ್ನು ಸಭೆಗಳಲ್ಲಿ ಹೇಳಿ ಚಪ್ಪಾಳೆ ತಟ್ಟುವುದು ವಾಡಿಕೆಯಾಗಿದೆ. ನನಗೆ ಆ ಚಪ್ಪಾಳೆ ಅಷ್ಟು ಹಿತವೆನಿಸುವುದಿಲ್ಲ. ಪತ್ನಿ ಭಾಗೀರಥಿಯವರೂ ಮಕ್ಕಳೂ ಬಾಡಿಗೆಯ ಮನೆಯಲ್ಲಿ ಕಳೆದ ವರ್ಷಗಳನ್ನು ಯಾರು ಎಣಿಸಿದರು? ಮನೆಯೊಳಗಿನ ಕೊರತೆಯನ್ನು ಬಾಲ್ಯದಲ್ಲಿಯೇ ಉಂಡವರಿಗೆ ತಾವು ಬಿಡುತ್ತಿರುವುದು ಏನೆಂಬುದು ತಿಳಿಯದೆ ಇರಲಾರದು. ತಿಳಿದೂ ಬಿಟ್ಟರು. ಆ ತ್ಯಾಗದಲ್ಲಿ ಅರ್ಧ ಪಾಲು ಭಾಗೀರಥಿಯವರದೆಂದು ಬರೆಯದಿದ್ದರೆ ಲೆಕ್ಕ ತಪ್ಪುತ್ತದೆ. ಸತಿಪತಿಗಳೊಂದಾದ ಭಕ್ತಿಯ ಮಾತನ್ನು ನಿತ್ಯವೂ ಪಾಠ ಹೇಳುವ ನಾವು ಇದನ್ನು ಮರೆಯುವುದು ಸಲ್ಲದು.

ಗೌರವಗಳು ಬಾರದೆ ಇರಲಿಲ್ಲ. 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ದೊರೆಯಿತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟನ್ನಿತ್ತಿತು. ಹುಟ್ಟಿದ ಊರಿನ ವಿಶ್ವವಿದ್ಯಾಲಯದಿಂದ ಬಂದ ಆ ಗೌರವವನ್ನು ನೋಡಲು ಗುರುಬಸಪ್ಪ ಮಾಸ್ತರರು ಇರಬೇಕಾಗಿತ್ತು.

1964ನೆಯ ಇಸವಿ ಜೂನ್ 29ರಂದು, ಎಂಬತ್ತನಾಲ್ಕು ವರ್ಷ ತುಂಬಲು ಮೂರು ದಿನಗಳಿರುವಾಗ, ಹಳಕಟ್ಟಿಯವರು ಲಿಂಗೈಕ್ಯರಾದರು. ಅವರ ಸಮಗ್ರ ಸಾಹಿತ್ಯವನ್ನು ಅವರ ಹೆಸರಿನ ಸಂಶೋಧನ ಕೇಂದ್ರವು ವಿಜಯಪುರದಲ್ಲಿ ಸಂಪುಟಗಳಾಗಿ ಪ್ರಕಟಿಸಿದೆ. ಬರುವ ರಜೆಯಲ್ಲಿ ಪಾಠಶಾಲೆಯ ಹುಡುಗರನ್ನು ಅಲ್ಲಿಗೆ ಕರೆದೊಯ್ಯಬೇಕೆಂದಿದ್ದೇನೆ. ಯಾರ ಮನೆಯ ಜಗಲಿಯ ಮೇಲಾದರೂ ಇನ್ನೂ ಬಿಚ್ಚದ ಕಟ್ಟೊಂದು ಉಳಿದಿದ್ದರೆ, ಅದನ್ನೂ ಜೊತೆಗೆ ತರುವಂತೆ ಹೇಳಿದ್ದೇನೆ.